ನಮ್ಮ ರೇಣುಕಾನ ಯೂನಿವರ್ಸಿಟಿ ಭಾಳ ಸ್ಟ್ರಿಕ್ಟ್ ಐತ್ರಿ

ಇಲ್ರೀ ಮೇಸ್ತ್ರಿ ಮಾಮಾ, ನಮ್ಮ ತಂಗಿ ಯೂನಿವರ್ಸಿಟ್ಯಾಗ ಕಾಪಿ ನಡಿಯಂಗಿಲ್ಲ!

ದೋಸ್ತರಾ, ಇವತ್ತ ತಂಗಿ ರೇಣುಕಾ ಬಿಎ ಪಾಸಾದ್ಲು. ನಾ ಹತ್ತನೇತ್ತಿಗೆ ಸಾಲಿ ಬಿಟ್ಟಾಂವ, ನಮ್ಮ ಮನ್ಯಾಗ ಇದ ಮೊದಲನೇ ಡಿಗ್ರಿ! ಇಬ್ರೂ ಕುಣ್ಕೋಂತ ಇಲ್ಲೇ ಗೋವಾದ ಫಾತೋರ್ಡಾಕ್ಕ ನಮ್ಮ ಕೆಲಸದ ಮೇಸ್ತ್ರಿ ಮಾಮಾನ ಮನಿಗೆ ಪೇಡೆ ಕೊಡಾಕ ಹೋದ್ವಿ. ಮಾಮಾ ಪೇಡೆ ಬಾಯಾಗ ಹಾಕ್ಕೊಂಡು, "ಊರ ಕಡೆ ಯೂನಿವರ್ಸಿಟಿ ಏನ? ಅಲ್ಲಿ ಪುಸ್ತಕ ತೆರೆದಿಟ್ಟ ಬರೀತಾರಂತಲ್ಲೋ" ಅಂದ್ರು.

ನನಗ ಸಿಟ್ಟು ಬಂತು. ರೇಣುಕಾ ಮಾತ್ರ ಎದಿ ಉಬ್ಬಿಸಿ, "ಹಂಗಿದ್ರ ನಾ ಇಂಗ್ಲಿಷ್‌ನ್ಯಾಗ ಮೂರು ಸಲ ಫೇಲ್ ಆಗ್ತಿದ್ನೇನ್ರಿ? ನಮ್ಮ ಯೂನಿವರ್ಸಿಟಿ ಭಾಳ ಸ್ಟ್ರಿಕ್ಟ್, ನಾನೇ ಸಾಕ್ಷಿ!" ಅಂದ್ಲು.

ಮನ್ಯಾಗ ನಮಗ ಒಂದ ಸಲ ಫೇಲ್ ಅಂತ ಹೇಳಿದ್ಲು!

ಮಾಮಾ ನಕ್ಕೋಂತ ಎರಡನೇ ಪೇಡೆಗೆ ಕೈ ಹಾಕಿದ್ರು. ನಾ ಡಬ್ಬಿ ಮುಚ್ಚಿದೆ. ಇನ್ನೇನೇನ ಬಾಯಿ ಬಿಡ್ತಾಳೋ ಅಂತ ತಂಗೀನ ಕರ್ಕೊಂಡು ಹೊರಗ ಬಂದು ಬಾಗಿಲಾನೂ ಮುಚ್ಚಿದೆ.