ಕುಡಿಯದವನ ಮೈಯಲ್ಲಿ ಮೆಥನಾಲ್

ನಿವೃತ್ತಿಯ ಹಿಂದಿನ ವರ್ಷ ನಾನು ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ ಫಿಸಿಷಿಯನ್ ಆಗಿದ್ದೆ. ಒಂದು ಬೆಳಿಗ್ಗೆ ಭಾಗಮಂಡಲ ಕಡೆಯ ಕಾಫಿ ಬೆಳೆಗಾರ ಕುಶಾಲಪ್ಪ ತಮ್ಮ ಮಗ ಚೇತನನನ್ನು ಕರೆತಂದರು. ಸರಕು ಹಡಗೊಂದರ ಎಂಜಿನ್ ವಿಭಾಗದಲ್ಲಿ ಅವನ ಕೆಲಸ; ಹಿಂದಿನ ರಾತ್ರಿಯಷ್ಟೇ ರಜೆಗೆ ಬಂದಿದ್ದ. ವಾಂತಿ, ಏದುಸಿರು. "ಎಲ್ಲ ಮಂಜು ಮಂಜಾಗಿ ಕಾಣ್ತದೆ ಡಾಕ್ಟ್ರೆ" ಎಂದ. ಹೊರಗೆ ಒಳ್ಳೆಯ ಬಿಸಿಲಿತ್ತು.

ರಕ್ತದಲ್ಲಿ ಆಮ್ಲ ವಿಪರೀತ ಏರಿತ್ತು. ಸಕ್ಕರೆ ಕಾಯಿಲೆಯಿಲ್ಲ, ಕಿಡ್ನಿ ಸರಿಯಿದೆ. ದೃಷ್ಟಿಯೂ ಮಸುಕಾಗಿದೆ ಎಂದರೆ ನಮಗೆ ಮೊದಲು ಹೊಳೆಯುವುದು ಕಳ್ಳಬಟ್ಟಿಯಲ್ಲಿ ಬೆರೆಯುವ ಮೆಥನಾಲ್. ಏನಾದರೂ ಕುಡಿದಿದ್ದಾನಾ ಎಂದು ಕೇಳಿದೆ.

"ಎಂಥ ಮಾತಾಡ್ತೀರಿ ಡಾಕ್ಟ್ರೆ? ಮದುವೆ ಮನೆಯಲ್ಲೂ ಗ್ಲಾಸ್ ಮುಟ್ಟುವವನಲ್ಲ ಇವ" ಎಂದು ಕುಶಾಲಪ್ಪ ಸಿಡಿದರು.

ರೋಗಿ ಸುಳ್ಳು ಹೇಳಬಹುದು, ವರದಿಯೂ ತಪ್ಪಬಹುದು. ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆ; ಅದೇ ಫಲಿತಾಂಶ. ಯಾವುದನ್ನು ನಂಬುವುದೋ ತಿಳಿಯಲಿಲ್ಲ. ಕೊನೆಗೆ, "ಹಡಗಿನಲ್ಲಿ ಕಡೆಯದಾಗಿ ಏನು ಕೆಲಸ ಮಾಡಿದೆ?" ಎಂದು ಚೇತನನನ್ನೇ ಕೇಳಿದೆ.

ಬಂದರಿನಲ್ಲಿ ನಿಂತಾಗಲೂ ಹಡಗಿನ ಜನರೇಟರ್ ಓಡುತ್ತಲೇ ಇರುತ್ತದಂತೆ. ದಪ್ಪ ಎಣ್ಣೆ ಉರಿಸಿದರೆ ಗಂಧಕದ ಹೊಗೆ, ಮಸಿ ಎಲ್ಲ ದಡದ ಊರಿಗೇ ಹೋಗುತ್ತದೆ. ಅದಕ್ಕೆಂದು ಇವರ ಹಡಗಿಗೆ ಹೊಸ ಇಂಧನ ಬಂದಿತ್ತು. ಹಿಂದಿನ ದಿನ ಅದರ ಫಿಲ್ಟರ್ ಬಿಚ್ಚುವಾಗ ಪೈಪಿನಿಂದ ಚಿಮ್ಮಿ ಬಟ್ಟೆ, ಬೂಟು ತೊಯ್ದುಹೋದವು.

"ನೀರಿನ ಹಾಗೇ ಇತ್ತು ಸರ್. ಒದ್ದೆ ಬಟ್ಟೆಯಲ್ಲೇ ಕೆಲಸ ಮುಗಿಸಿ, ಆಮೇಲೆ ಬಸ್ ಹತ್ತಿದೆ."

"ಯಾವ ಇಂಧನ?"

"ಮೆಥನಾಲ್."

ಚರ್ಮದಿಂದಲೂ ಉಸಿರಿನಿಂದಲೂ ಅದು ಒಳಗೆ ಹೋಗಿತ್ತು. ಸರಿಯಾದ ಪ್ರತಿವಿಷ ನಮ್ಮಲ್ಲಿರಲಿಲ್ಲ. ಇನ್ನೊಂದು ದಾರಿ ಎಂದರೆ ಕುಡಿಯುವ ಮದ್ಯದಲ್ಲಿರುವ ಎಥನಾಲ್. ಮೆಥನಾಲ್ ವಿಷವಾಗಿ ಮಾರ್ಪಡುವುದನ್ನು ಅದು ತಡೆಯುತ್ತದೆ. ಬ್ರಾಂದಿ ತನ್ನಿ ಎಂದಾಗ ಕುಶಾಲಪ್ಪ ನನ್ನನ್ನೇ ದಿಟ್ಟಿಸಿದರು.

"ಆಗ ಕುಡಿದಿದ್ದಾನೆ ಅಂದ್ರಿ. ಈಗ ನೀವೇ ಕುಡಿಸ್ತೀರಿ?"

ವಿವರಿಸಿದೆ. ಅರ್ಥವಾಯಿತೋ ಇಲ್ಲವೋ, ಓಡಿದರು. ಅಳತೆ ಮಾಡಿ ನೀರು ಬೆರೆಸಿ ಮೂಗಿನ ನಳಿಕೆಯಲ್ಲಿ ಕೊಟ್ಟೆವು, ಜೊತೆಗೆ ಡಯಾಲಿಸಿಸ್. ಉಸಿರು ಹತೋಟಿಗೆ ಬಂತು. ಬಲಗಣ್ಣು ಪೂರ್ತಿ ತಿಳಿಯಾಯಿತು, ಎಡಗಣ್ಣು ಅರ್ಧ ಮಾತ್ರ.

ಮನೆಗೆ ಹೊರಟಾಗ ಕುಶಾಲಪ್ಪ ಕೇಳಿದರು, "ಹಾಗಾದ್ರೆ ಆ ಹೊಗೆಯ ಎಣ್ಣೆಯೇ ಒಳ್ಳೇದಿತ್ತಾ ಡಾಕ್ಟ್ರೆ?"

ಹೌದೆನ್ನಲು ಬಾಯಿ ಬರಲಿಲ್ಲ. ಬಂದರಿನ ಮಗ್ಗುಲಲ್ಲಿ ಆ ಮಸಿಯನ್ನೇ ಉಸಿರಾಡುವವರೂ ಯಾರದೋ ಮಕ್ಕಳು. ಎಡಗಣ್ಣು ಉಜ್ಜಿಕೊಳ್ಳುತ್ತಿದ್ದ ಚೇತನನ ಎದುರು ಇಲ್ಲವೆನ್ನಲೂ ಆಗಲಿಲ್ಲ. ವೃತ್ತಿ ಕಲಿಸಿದ್ದು ಇಷ್ಟು: ರೋಗಿ ಏನು ತಿಂದ, ಏನು ಕುಡಿದ ಎಂಬುದಕ್ಕೂ ಮೊದಲು, ಅವನ ಕೈ ಯಾವ ಕೆಲಸದಲ್ಲಿತ್ತು ಎಂದು ಕೇಳಬೇಕು.