ಬಾಕಿ ಪಟ್ಟಿಯ ನಾಲ್ಕು ಖೋಲಿ

ಡೊಂಬಿವಲಿಗೆ ಬಂದ ಮೊದಲ ಒಂಬತ್ತು ವರ್ಷಗಳಲ್ಲಿ ನಾವು ಎಂಟು ಮನೆ ಬದಲಾಯಿಸಿದೆವು. ಬಾಡಿಗೆಯ ಕರಾರು ಹನ್ನೊಂದು ತಿಂಗಳಿಗೆ. ಹತ್ತನೆಯದು ಮುಗಿಯುತ್ತಿದ್ದಂತೆ ಮಾಲೀಕನ ನಗು ತೆಳ್ಳಗಾಗುತ್ತಿತ್ತು. ಹಾಸಿಗೆಯ ಸುರುಳಿ, ಬೀಸುವ ಕಲ್ಲು, ದೇವರ ಪೆಟ್ಟಿಗೆ ಹೊತ್ತ ಕೈಗಾಡಿಯ ಹಿಂದೆ ನಡೆದು ನಡೆದು ಊರಿನ ಗಲ್ಲಿಗಳೆಲ್ಲ ನನಗೆ ಬಾಯಿಪಾಠ. ಸ್ವಂತ ಮನೆ ಎಂಬುದು ಬೇರೆಯವರಿಗೆ ಆಸೆಯಾಗಿದ್ದೀತು, ನನಗೆ ಅದು ಸಿಟ್ಟಾಗಿತ್ತು. ಈಗ ಕಲ್ಯಾಣದಲ್ಲಿ ನಮ್ಮದೇ ಗ್ಯಾಲರಿಯಲ್ಲಿ ಕೂತು ಚಹಾ ಕುಡಿಯುವಾಗ ಆ ಸಿಟ್ಟಿನ ಮೇಲೆ ನನಗೆ ಪ್ರೀತಿಯೇ ಬರುತ್ತದೆ.

ನಮ್ಮ ಯಜಮಾನರು ಠಾಣೆಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ದಿನಾ ಲೋಕಲ್‌ನಲ್ಲಿ ಜೊತೆಗೆ ಬರುವ ಯಾರೋ ಅವರ ಕಿವಿಯಲ್ಲಿ ಹುಳ ಬಿಟ್ಟರು. ಮನೆಯ ತೆರಿಗೆ ವರ್ಷಗಟ್ಟಲೆ ಕಟ್ಟದವರ ಹೆಸರನ್ನು ವಾರ್ಡ್ ಆಫೀಸಿನ ಹಲಗೆಗೆ ಅಂಟಿಸುತ್ತಾರೆ, ಅಂಥವರು ಜಪ್ತಿಗೆ ಹೆದರಿರುತ್ತಾರೆ, ಸಮಯ ನೋಡಿ ಕೇಳಿದರೆ ಅಗ್ಗಕ್ಕೆ ಮಾರಿ ಕೈತೊಳೆದುಕೊಳ್ಳುತ್ತಾರೆ ಎಂದು. ಅವತ್ತು ಮನೆಗೆ ಬಂದವರೇ ಒಂದು ಮನೆ ಕೊಂಡು, ಅದರ ಬಾಡಿಗೆಯಲ್ಲಿ ಎರಡನೆಯದು ಕೊಂಡು, ಮೂರನೆಯದಕ್ಕೆ ಬಣ್ಣ ಯಾವುದೆಂದು ನನ್ನನ್ನು ಕೇಳಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದರಲ್ಲಿ ಅವರು ಎತ್ತಿದ ಕೈ.

ಓಡಾಟ ಮಾತ್ರ ನನ್ನ ಪಾಲಿಗೆ ಬಂತು. ಅವರು ಏಳು ಹದಿನೈದರ ಗಾಡಿ ಹಿಡಿದರೆ ಮರಳುವುದು ದೀಪ ಹಚ್ಚಿದ ಮೇಲೆ. ನಾನು ಹಲಗೆಯ ಮುಂದೆ ನಿಂತು ಹೆಸರು ಬರೆದುಕೊಂಡೆ. ಮೊದಲ ಮನೆಯವನು ನನ್ನನ್ನು ವಸೂಲಿಗೆ ಬಂದವಳೆಂದು ತಿಳಿದು, ತಾನು ಊರಲ್ಲಿಲ್ಲ ಎಂದು ಒಳಗಿನಿಂದ ತಾನೇ ಕೂಗಿ ಹೇಳಿದ. ಎರಡನೆಯ ಮನೆಯಲ್ಲಿ ನಾಯಿ ಬಿಟ್ಟರು. ಮೂರನೆಯ ಮನೆಯಾಕೆ, "ನಿನ್ನ ಹತ್ತಿರ ಅಷ್ಟು ರೊಕ್ಕ ಇದ್ದರೆ ನನ್ನ ಟ್ಯಾಕ್ಸ್ ಕಟ್ಟು" ಎಂದು ಮರಾಠಿಯಲ್ಲಿ ಹೇಳಿ ಬಾಗಿಲು ಹಾಕಿದಳು. ಆಕೆಯ ಮಾತಲ್ಲೂ ನ್ಯಾಯವಿತ್ತು.

ಪದೇ ಪದೇ ಹೋಗುತ್ತಿದ್ದುದರಿಂದ ವಾರ್ಡ್ ಆಫೀಸಿನ ಮುದಿ ಗುಮಾಸ್ತರೊಬ್ಬರಿಗೆ ನನ್ನ ಗುರುತು ಹತ್ತಿತು. ಒಂದು ದಿನ ಅವರೇ ಹೇಳಿದರು: ನೋಟೀಸು ಬಂದ ಮಾತ್ರಕ್ಕೆ ಯಾರ ಮನೆಯೂ ಹೋಗುವುದಿಲ್ಲ, ಅರ್ಜಿ ಕೊಟ್ಟರೆ ಬಾಕಿಯನ್ನು ಕಂತಿನಲ್ಲಿ ಕಟ್ಟಬಹುದು, ಪಾಪ, ಜನರಿಗೆ ಗೊತ್ತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದರೆ ಯಜಮಾನರು ತುತ್ತು ಕೆಳಗಿಟ್ಟರು.

"ಇದನ್ನ ಮಾಲೀಕರ ಮುಂದ ಒದರೀ ಗಿದರೀ ಮತ್ತ. ಅವರಿಗೆ ಗೊತ್ತಿಲ್ಲ ಅನ್ನೋದೇ ನಮ್ಮ ಬಂಡವಾಳ ಅದ."

ನಾನು ಹೂಂ ಎಂದೆ. ಮನಸ್ಸಾರೆ ಹೂಂ ಎಂದೆ, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಅಲ್ಲಿಂದ ರಥಸಪ್ತಮಿಯವರೆಗೆ ಈ ಸೀಮೆಯಲ್ಲಿ ಮನೆಮನೆಯಲ್ಲೂ ಅರಿಶಿನ-ಕುಂಕುಮ. ಕೈಯಲ್ಲಿ ಕುಂಕುಮದ ಭರಣಿ, ಎಳ್ಳು-ಬೆಲ್ಲದ ಡಬ್ಬಿ ಇದ್ದರೆ ಹೆಂಗಸೊಬ್ಬಳು ಯಾರ ಮನೆಯ ಬಾಗಿಲನ್ನಾದರೂ ಬಡಿಯಬಹುದು. ಕೂತು ಮಾತಾಡಬಹುದು, ಕಣ್ಣಾಡಿಸಬಹುದು. ನಾಯಿ ಬಿಡುವವರಿಲ್ಲ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಪಟ್ಟಿಯ ನಾಲ್ಕನೆಯ ಹೆಸರಿನ ಅಡ್ಡಹೆಸರು ನಮ್ಮ ವಿಜಾಪುರದ ಕಡೆಯದು. ಊರವರೇ ಸಿಕ್ಕರೆಂದು ಇಳಕಲ್ ಸೀರೆ ಉಟ್ಟು ಹೊರಟೆ.

ಪಶ್ಚಿಮಕ್ಕೆ ಖಾಡಿಯ ಹಿನ್ನೀರಿನ ಕಡೆಗಿದ್ದ ಹೆಂಚಿನ ಮನೆ. ಒಂದು ಸಾಲಿನಲ್ಲಿ ನಾಲ್ಕು ಖೋಲಿ. ಒಂದರಲ್ಲಿ ನಾವಿದ್ದು ಮೂರನ್ನು ಬಾಡಿಗೆಗೆ ಕೊಟ್ಟರೆ ಎಂದು ಲೆಕ್ಕ ಹಾಕುತ್ತಲೇ ಬಾಗಿಲು ತಟ್ಟಿದೆ. ನನ್ನ ವಯಸ್ಸಿನವಳೇ ಒಬ್ಬಳು ತೆರೆದಳು. ಹೊಲಿಗೆ ಯಂತ್ರದಿಂದ ಎದ್ದು ಬಂದಿದ್ದಳು, ಸೆರಗಿಗೆ ದಾರದ ತುಂಡುಗಳು ಅಂಟಿದ್ದವು. ನಾನು ಗೋಡೆ ಸವರಿ, ಮಾಡಿನತ್ತ ಕಣ್ಣಾಡಿಸಿ ಕೂತೆ. ಕೂತ ಕೂಡಲೇ ಭರಣಿ ತೆರೆದು, ಬೆರಳಿಗೆ ಕುಂಕುಮ ಹಚ್ಚಿಕೊಂಡು, "ನಾಳೆ ನಮ್ಮ ಮನೀಗೆ ಅರಿಷಿಣ-ಕುಂಕುಮಕ್ಕ ಬರಬೇಕ್ರಿ" ಎಂದು ಕೈ ಚಾಚಿದೆ. ಆಕೆ ತಲೆ ಹಿಂದಕ್ಕೆ ತೆಗೆದಳು. ಆಗ ಹಣೆ ನೋಡಿದೆ. ಬರಿದಾಗಿತ್ತು. ಕೊರಳೂ ಬರಿದು.

ಪಟ್ಟಿಯಲ್ಲಿದ್ದದ್ದು ಗಂಡನ ಹೆಸರು. ಅವನು ತೀರಿ ನಾಲ್ಕು ವರ್ಷವಾಗಿತ್ತು, ಹೆಸರು ಬದಲಿಸುವುದು ಯಾರಿಗೂ ತೋಚಿರಲಿಲ್ಲ. ಮುತ್ತೈದೆಯರಷ್ಟೇ ಸೇರುವ ಪೂಜೆಗೆ ನಾನು ಗಂಡ ಸತ್ತವಳನ್ನು ಕರೆಯಲು ಬಂದಿದ್ದೆ, ಅದೂ ಆಕೆಯ ಮನೆಯ ಮೇಲೆ ಕಣ್ಣಿಟ್ಟು. ನಾಚಿಕೆಯಿಂದ ಸತ್ತೇ ಹೋದೆ. ಚಾಚಿದ ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಏಳಲು ಹೋದೆ.

"ಕುಂದರ್ರೀ. ತಿಳೀದೆ ಬಂದೀರಿ, ತಪ್ಪೇನೈತಿ ಅದರಾಗ?" ಎಂದಳು. ಒಳಗೆ ತಿರುಗಿ, "ತಂಗೀ, ಉಡಿ ಸಾಮಾನು ತಗೊಂಡು ಬಾ. ಮನೀಗೆ ಬಂದ ಮುತ್ತೈದೀನ ಬರೀ ಉಡೀಲೆ ಕಳಸಬಾರದು."

"ಆಲೇ ಆಯಿ," ಎಂದು ಮರಾಠಿಯಲ್ಲಿ ಓಗೊಡುತ್ತ ಕಾಲೇಜು ಓದುವ ಮಗಳು ಬಂದಳು. ತಾಯಿ ಎರಡು ಮಾರು ದೂರ ನಿಂತು ಕನ್ನಡದಲ್ಲಿ ಹೇಳಿಕೊಟ್ಟಂತೆ ಆ ಹುಡುಗಿ ನನಗೆ ಕುಂಕುಮವಿಟ್ಟು, ಸೆರಗಿಗೆ ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ, ಒಂದು ಕುಬಸದ ಕಣ ಹಾಕಿದಳು. ಕಣ ಗಿರಾಕಿಗೆಂದು ತಂದಿಟ್ಟದ್ದೇ ಇರಬೇಕು, ಅಂಗಡಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ನಮ್ಮಲ್ಲಿ ಉಡಿ ತುಂಬಿಸಿಕೊಂಡವಳು ಆ ಮನೆಯ ಮಗಳಾದಂತೆ. ತುಂಬಿದ ಮೇಲೆ ಅದು ತವರುಮನೆ. ತವರಿನ ಮೇಲೆ ಹರಾಜಿನ ಕಣ್ಣು ಇಡುವುದು ಹೇಗೆ? ಚಹಾ ತರಿಸಿ ಆಕೆ ತಾನಾಗಿಯೇ ಹೇಳಿಕೊಂಡಳು: ಜಪ್ತಿ ನೋಟೀಸು ಬಂದಿದೆ, ಬರುವ ತಿಂಗಳು ಮನೆ ಹೋಗುತ್ತದಂತೆ, ದಲಾಲಿಯೊಬ್ಬ ಅರ್ಧ ಬೆಲೆಗೆ ಕೇಳಿದ್ದಾನೆ, ಇಷ್ಟರಲ್ಲೇ ಹೂಂ ಅನ್ನಬೇಕು. ಅರ್ಧ ಬೆಲೆಯೆಂದರೆ ನಮಗೂ ಎಟುಕುವ ಬೆಲೆ. ದಲಾಲಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ನಾನೇ ಪುಣ್ಯವಂತೆ ಅನ್ನಿಸಿಕೊಳ್ಳಬಹುದಿತ್ತು. ಕಣ್ಣೆದುರಿಗೆ ನಾವು ಬಿಟ್ಟುಬಂದ ಎಂಟು ಮನೆ, ಎಂಟು ಕೈಗಾಡಿ ಕಂಡವು. ಉಡಿ ಭಾರವಾಗಿತ್ತು. ನಾನು ಬಾಯಿಬಿಟ್ಟೆ.

"ಮನಿ ಹೋಗಂಗಿಲ್ರಿ. ಸೋಮವಾರ ವಾರ್ಡ್ ಆಫೀಸಿಗೆ ಹೋಗ್ರಿ. ಹೆಸರು ಬದಲಿ ಮಾಡಸ್ರಿ, ಕಂತಿನ್ಯಾಗ ಕಟ್ಟತೀನಂತ ಅರ್ಜಿ ಕೊಡ್ರಿ." ಕಿಟಕಿ ಯಾವುದು, ಗುಮಾಸ್ತರು ಹೇಗಿದ್ದಾರೆ ಎಲ್ಲ ಹೇಳಿದೆ. ಮಗಳು ಓಡಿ ನೋಟುಬುಕ್ಕು ತಂದು ಬರೆದುಕೊಂಡಳು. ತಾಯಿ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಕೆಂಪಾಗಿದ್ದ ಕಣ್ಣುಗಳನ್ನು ಸೆರಗಿನಿಂದ ಒತ್ತಿಕೊಂಡು ನನ್ನನ್ನೇ ನೋಡುತ್ತ ಕೂತಳು.

"ಉಂಡ ಮನಿ ಜಂತಿ ಎಣಸೋದು ಕೇಳಿದ್ದೆ," ಎಂದಳು ಕೊನೆಗೆ. "ನೀವು ಚಾ ಕುಡಿಯೂಕ್ಕಿಂತ ಮೊದಲೇ ಎಣಿಸಿದ್ರಿ. ಗ್ವಾಡೀನೂ ಮುಟ್ಟಿ ನೋಡಿದ್ರಿ."

ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಉಡಿ ತುಂಬಿಸಿದ್ದಳು.

"ಹಂಗಾದ್ರ," ಎಂದು ಆಕೆ ನನ್ನ ಹತ್ತಿರ ಸರಿದಳು, "ಈಗ ನಿಮ್ಮ ಮನೀದು ಏನ್ ಮಾಡ್ತೀರಿ ತಂಗೀ?"

ಒಂಬತ್ತು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಕ್ಕಿ ಚೆಲ್ಲದಂತೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಅತ್ತುಬಿಟ್ಟೆ.