ಸಹಿ ನನ್ನದು, ಮಾತು ನೆಗೆಣ್ಣಿಯದು

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರು ಖಾನಾಪುರದಲ್ಲಿ ಹೆಂಚಿನ ಕಂಪನಿ ಶುರು ಮಾಡಿದಾಗ ನಾನು ಡೈರೆಕ್ಟರ್ ಆದೆ. ಯೋಗ್ಯತೆ ನೋಡಿ ಕೊಟ್ಟ ಪದವಿ ಅದಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಇಬ್ಬರಾದರೂ ಡೈರೆಕ್ಟರು ಬೇಕೆಂದು ರವಿವಾರ ಪೇಟೆಯ ಆಡಿಟರು ಹೇಳಿದ್ದರು. ನಮ್ಮವರ ಮನಸ್ಸಿನಲ್ಲಿದ್ದವಳು ನನ್ನ ನೆಗೆಣ್ಣಿ, ಭಾವನ ಹೆಂಡತಿ. ಆದರೆ ಆಕೆ ಸರ್ಕಾರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಸರ್ಕಾರಿ ನೌಕರಿಯಲ್ಲಿದ್ದವರು ಡೈರೆಕ್ಟರ್ ಆಗುವಂತಿರಲಿಲ್ಲ.

"ವೈನಿ ಸಲಹಾ ಕೊಡ್ತಾರ, ನೀ ಸಹಿ ಮಾಡು," ಅಂದರು ನಮ್ಮವರು. ಅತ್ತಿಗೆಯನ್ನು ಅವರು ಕರೆಯುತ್ತಿದ್ದದ್ದೇ ವೈನಿ ಎಂದು.

ಮೀಟಿಂಗು ನಡೆಯುತ್ತಿದ್ದದ್ದು ಟಿಳಕವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ. ನಾನು ಚಹಾ ತಂದಿಟ್ಟು ಸೆರಗು ಸರಿಮಾಡಿಕೊಂಡು ಕೂರುವಷ್ಟರಲ್ಲಿ ಮಾತು ಅರ್ಧ ಮುಗಿದಿರುತ್ತಿತ್ತು. ನಮ್ಮವರು ಆಕೆಯತ್ತ ತಿರುಗಿ ಕೇಳುತ್ತಿದ್ದರು, ಆಕೆ ಕನ್ನಡಕ ತೆಗೆದು ಯೋಚಿಸಿ ಉತ್ತರ ಕೊಡುತ್ತಿದ್ದಳು. ಕೊನೆಗೆ ಪೆನ್ನು ನನ್ನ ಕೈಗೆ ಬರುತ್ತಿತ್ತು.

ಮೊದಲ ಭಟ್ಟಿಯ ಹೆಂಚೆಲ್ಲ ಬಿರುಕುಬಿಟ್ಟವು. ಮಣ್ಣಿಗೆ ಮರಳು ಬೆರೆಸಲು ಆಕೆ ಹೇಳಿದಳು; ಎರಡನೆಯ ಭಟ್ಟಿ ಚೆನ್ನಾಗಿ ಬಂತು. ಅಂದಿನಿಂದ ಫ್ಯಾಕ್ಟರಿಗೆ ಯಾರೇ ಬಂದರೂ "ಮೇಡಮ್ಮರು ಎಲ್ಲಿ?" ಎಂದು ಕೇಳುತ್ತಿದ್ದರು. ಜೀಪಿನಲ್ಲಿ ಮುಂದಿನ ಸೀಟು ಆಕೆಗೆ. ಹಿಂದೆ ಸಾಮಾನಿನ ಚೀಲಗಳ ನಡುವೆ ಕುಳಿತು ಆಕೆಯ ಜಡೆಯನ್ನು ನೋಡುತ್ತಾ ಹೋಗುವಾಗ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿದಂತಾಗುತ್ತಿತ್ತು. ಆಕೆ ನನ್ನನ್ನು ಒಂದು ದಿನವೂ ಹಗುರಾಗಿ ಕಂಡವಳಲ್ಲ. ಕಂಡಿದ್ದರೆ ಜಗಳವಾದರೂ ಆಡಬಹುದಿತ್ತು.

ಮರುವರ್ಷ ಆಕೆ ಇನ್ನೊಂದು ಸಲಹೆ ಕೊಟ್ಟಳು. ಹಸಿ ಹೆಂಚು ನೆಲದ ಮೇಲೆ ಒಣಗಿಸುವುದು ಬೇಡ, ಹಲಗೆಯ ಅಟ್ಟ ಕಟ್ಟಿ ಮೇಲೆ ಮೇಲೆ ಜೋಡಿಸಿ ಎಂದಳು. ಅಟ್ಟ ಎಷ್ಟು ಭಾರ ತಡೆದೀತು ಎಂದು ನಾವ್ಯಾರೂ ಕೇಳಲಿಲ್ಲ. ನಾನು ಎಂದಿನಂತೆ ಸಹಿ ಮಾಡಿದೆ. ಮಳೆಗಾಲದಲ್ಲಿ ಅಟ್ಟ ಕುಸಿದು ಕೆಲಸದ ಹೆಣ್ಣುಮಗಳೊಬ್ಬಳ ಕಾಲು ಮುರಿಯಿತು.

ಎರಡು ದಿನದಲ್ಲೇ ವಿಚಾರಣೆಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಸಾಹೇಬರು ಬಂದರು.

"ಡೈರೆಕ್ಟರ್ ಯಾರ್ರಿ?"

"ನಾನು, ಮತ್ತ ಈಕಿ," ಅಂದರು ನಮ್ಮವರು.

ನೆಗೆಣ್ಣಿ ಮುಂದೆ ಬಂದಳು. "ಸಾಹೇಬ್ರ, ಆ ಅಟ್ಟ ಕಟ್ರಿ ಅಂತ ಹೇಳಿದಾಕಿ ನಾನು."

"ನೀವು ಡೈರೆಕ್ಟರ್ ಏನ್ರಿ?"

"ಅಲ್ರಿ. ಸಲಹಾ ಕೊಡ್ತೀನಿ."

"ಹಂಗಾರ ಸ್ವಲ್ಪ ಬಾಜೂಕ ನಿಂದರ್ರಿ." ಸಾಹೇಬರು ನನ್ನತ್ತ ತಿರುಗಿದರು. "ನೀವು ಹೇಳ್ರಿ ತಾಯಿ."

"ಹೇಳಿದವರು ಯಾರರ ಇರ್ಲಿ, ಒಪ್ಪಿದವರು ನಾವು," ಅಂದೆ. ಆಕೆ ಪಕ್ಕಕ್ಕೆ ಸರಿದು ನಿಂತದ್ದನ್ನು ಓರೆಗಣ್ಣಿನಲ್ಲಿ ನೋಡದೆ ಇರಲಾಗಲಿಲ್ಲ.

ವಾಪಸು ಬರುವಾಗ ಜೀಪು ಪೀರನವಾಡಿ ದಾಟಿತ್ತು. ಮುಂದಿನ ಸೀಟಿನಿಂದ ಆಕೆ ಮುಖ ತಿರುಗಿಸದೆಯೇ ಹೇಳಿದಳು: "ತಪ್ಪು ನಂದು. ಆದ್ರ ತಪ್ಪಂತ ಒಪ್ಪಾಕೂ ನನಗ ಹಕ್ಕಿಲ್ಲ ನೋಡು. ನೌಕರಿ ಬಿಟ್ಟು ಆವತ್ತ ನಾನ ಡೈರೆಕ್ಟರ್ ಆಗಬೇಕಿತ್ತು."

"ಹಂಗ ಅನಬ್ಯಾಡ್ರಿ ಅಕ್ಕಾ," ಅಂದೆ. ಆಕೆಗೂ ನನ್ನ ಜಾಗದ ಮೇಲೆ ಕಣ್ಣಿತ್ತೆಂದು ತಿಳಿದದ್ದು ಆಗಲೇ. ಮರುಕಕ್ಕಿಂತ ಮೊದಲು ಭಯ ಬಂತು: ಎಲ್ಲಿ ನಿಜವಾಗಿಯೂ ನೌಕರಿ ಬಿಟ್ಟುಬಿಡುತ್ತಾಳೋ!

ಆಕೆ ಬಿಡಲಿಲ್ಲ. ನಾನು ಮಾತ್ರ ಸುಮ್ಮನೆ ಕೂರುವುದನ್ನು ಬಿಟ್ಟೆ. ಕಾಲು ಮುರಿದುಕೊಂಡ ಆ ಮರಾಠಿ ಹೆಣ್ಣುಮಗಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಹೋಗಿ, ನನಗೆ ಬರುವಷ್ಟು ಮರಾಠಿಯಲ್ಲೇ ಮಾತಾಡಿಸಿ ಬಂದೆ. ಗುಣವಾದ ಮೇಲೆ ಕೂತು ಮಾಡುವ ಕೆಲಸ ಕೊಡಿಸಿದೆ. ಅಟ್ಟಗಳನ್ನು ಎದೆಯೆತ್ತರಕ್ಕೆ ಇಳಿಸಿದೆವು. ಮೀಟಿಂಗಿನಲ್ಲಿ ಅರ್ಥವಾಗದ್ದನ್ನು ಕೇಳದೆ ಸಹಿ ಹಾಕುತ್ತಿರಲಿಲ್ಲ. ನಮ್ಮವರು ಮೊದಮೊದಲು ಸಿಡಿಮಿಡಿಗೊಂಡರು, ಆಮೇಲೆ ರೂಢಿಯಾಯಿತು.

ಎಂಬತ್ತರ ದಶಕದ ನಡುವೆ ಆಕೆಗೆ ಗುಲ್ಬರ್ಗಕ್ಕೆ ವರ್ಗವಾಯಿತು. ಸ್ಟೇಷನ್ನಿಗೆ ಹೋಗಿ ಬೀಳ್ಕೊಟ್ಟು, ಇನ್ನು ಕಂಪನಿ ಗಂಡ ಹೆಂಡತಿ ನಮ್ಮಿಬ್ಬರದೇ ಅಂದುಕೊಂಡೆ. ಆದರೆ ಹೊಸ ಗದ್ದೆಯಿಂದ ತಂದ ಮಣ್ಣಿನಲ್ಲಿ ಹೆಂಚಿಗೆ ಬಣ್ಣ ಕೂರದೆ ಹೋದಾಗ ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಗುಲ್ಬರ್ಗಕ್ಕೆ ಟ್ರಂಕ್ ಕಾಲ್ ಹಚ್ಚಿದರು.

"ವೈನಿ, ನೀವ ಹೇಳ್ರಿ ಏನ್ ಮಾಡೂಣು?"

ಅಷ್ಟು ನಂಬಿಕೆಯ ದನಿಯಲ್ಲಿ ಅವರು ನನ್ನನ್ನು ಎಂದೂ ಏನನ್ನೂ ಕೇಳಿರಲಿಲ್ಲ. ಆಕೆ ಹೇಳಿದಂತೆ ಹಳೆಯ ಮಣ್ಣು ಬೆರೆಸಲು ನಾನೇ ಒಪ್ಪಿಗೆ ಕೊಟ್ಟೆ. ಹೆಂಚು ಕೆಂಪಗೆ ಬಂದವು. ಎಲ್ಲರಿಗೂ ಪೇಢೆ ಹಂಚಿದೆ. ನನಗೆ ಮಾತ್ರ ಅಂದು ಊಟ ಸೇರಲಿಲ್ಲ.